ಬುರುಡೆಯಣ್ಣನ ಪತಂಗ

ಬುರುಡೆಯಣ್ಣ ಬಟ್ಟೆ ಎತ್ತಿ ನೋಡಿದ. ಪಾತ್ರೆಯಲ್ಲಿ ಜೇನು ಇರಲಿಲ್ಲ.

ಹಿಂದಿನ ಸಂಜೆಯಷ್ಟೇ ಅವನು ತಾರಸಿಯ ಮೇಲಿನ ಜೇನುಪೆಟ್ಟಿಗೆಯಿಂದ ಮೊಟ್ಟಮೊದಲ ಸಲ ಎರಿಗಳನ್ನು ಕೊಯ್ದು ತಂದಿದ್ದ. ಜೇನು ತುಂಬಿದ ಆ ಮೇಣದ ಹಲಗೆಗಳನ್ನು ಚೂರು ಮಾಡಿ ಜರಡಿಗೆ ಹಾಕಿ, ಜರಡಿಯನ್ನು ದೊಡ್ಡ ಸ್ಟೀಲ್ ಪಾತ್ರೆಯ ಮೇಲೆ ಕೂರಿಸಿ, ತೆಳುವಾದ ಬಟ್ಟೆ ಹೊದಿಸಿ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಇಟ್ಟಿದ್ದ. ಬೆಳಗಾಗುವಷ್ಟರಲ್ಲಿ ಜೇನೆಲ್ಲ ತೊಟ್ಟಿಕ್ಕಿ ಪಾತ್ರೆ ತುಂಬಬೇಕಿತ್ತು. ಮಲಗುವ ಮೊದಲು ಇಣುಕಿದಾಗ ಅರ್ಧಕ್ಕಿಂತ ಹೆಚ್ಚೇ ಇಳಿದಿತ್ತು. ಈಗ ನೋಡಿದರೆ ತಳದಲ್ಲಿ ಒಂದಿಷ್ಟು ಮಿನುಗು, ಅಷ್ಟೇ. ಅದನ್ನು ಬೆರಳಲ್ಲಿ ಬಳಿದರೂ ಒಂದು ಬಾಟಲಿಯ ಕತ್ತು ಒದ್ದೆಯಾಗುತ್ತಿರಲಿಲ್ಲ.

ಜರಡಿಯ ನಡುವೆ ಅಂಗೈಯಗಲದ ಒಣಎಲೆಯೊಂದು ಬಿದ್ದಿತ್ತು. ತೆಗೆದು ಎಸೆಯೋಣವೆಂದು ಅವನು ಬೆರಳು ಚಾಚಿದ. ಎಲೆ "ಕಿಚ್" ಎಂದಿತು.

ಬುರುಡೆಯಣ್ಣ ಹೌಹಾರಿ ಹಿಂದಕ್ಕೆ ಹಾರಿದವನು ಬಕೆಟ್ಟಿಗೆ ಎಡವಿ, ಗೋಡೆ ಹಿಡಿದು, ಮತ್ತೆ ಮೆಲ್ಲಗೆ ಬಗ್ಗಿ ನೋಡಿದ. ಅದೊಂದು ಪತಂಗ. ಕಂದು ರೆಕ್ಕೆ, ಹಳದಿ ಪಟ್ಟೆಯ ದಪ್ಪ ಹೊಟ್ಟೆ, ಎರಿಯೊಳಗೆ ಹೂತಿಟ್ಟ ಗಿಡ್ಡ ಸೊಂಡಿಲು. ಬೆನ್ನ ಮೇಲೆ ಮಾತ್ರ, ಯಾರೋ ಕೂತು ಬರೆದಂತೆ, ಮನುಷ್ಯನ ತಲೆಬುರುಡೆಯ ಚಿತ್ರ. ಕಣ್ಣಿನ ಗುಳಿಗಳಿದ್ದವು, ದವಡೆಯೂ ಇತ್ತು. ಅವನು ಇನ್ನೊಮ್ಮೆ ಮುಟ್ಟಿದ. ಅದು ಇನ್ನೊಮ್ಮೆ ಇಲಿಮರಿಯಂತೆ ಕಿಚಗುಟ್ಟಿತು. ಜೇನು ಹೋದ ದುಃಖ ಒಂದು ಕಡೆ, ಇಂಥದ್ದೊಂದನ್ನು ಕಣ್ಣಾರೆ ಕಂಡ ಸಂಭ್ರಮ ಒಂದು ಕಡೆ. ಸಂಭ್ರಮವೇ ಒಂದು ಕೈ ಮೇಲಾಯಿತು.

ಆದರೆ ಇದನ್ನು ಯಾರಿಗಾದರೂ ಹೇಳಿ ನಂಬಿಸುವುದು ಹೇಗೆ ಎಂಬಲ್ಲಿ ಅವನ ಕಷ್ಟ ಶುರುವಾಯಿತು. ಅವನು ದೀಪಗಳ ಅಂಗಡಿಯಲ್ಲಿ ಮಾರಾಟಗಾರ. ಹಿಂದಿನವರು ಬಲ್ಬಿಗೆ ಬುರುಡೆ ಎನ್ನುತ್ತಿದ್ದರಲ್ಲ, ಅದಕ್ಕೇ ತನಗೆ ಆ ಹೆಸರು ಬಂತೆಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ. ಅದೂ ಒಂದು ಬುರುಡೆ. ಕಾಗೆಯೊಂದು ತನ್ನ ಕನ್ನಡಕ ಕಚ್ಚಿಕೊಂಡು ಹೋಗಿ ಮರುದಿನ ಒರೆಸಿ ತಂದಿಟ್ಟಿತೆಂದೂ, ನೀರಿನ ಟ್ಯಾಂಕಿನಲ್ಲಿ ತಾನು ಮೀನು ಹಿಡಿದೆನೆಂದೂ ಹೇಳಿಕೊಂಡು ತಿರುಗಿದವನನ್ನು ಜನ ಇನ್ನೇನೆಂದು ಕರೆದಾರು? ಕಾಗೆ ಕನ್ನಡಕ ಒಯ್ದದ್ದು ನಿಜವೇ ಆಗಿತ್ತು. ಸ್ವಲ್ಪ ಉಪ್ಪುಖಾರ ಹಚ್ಚದೆ ಯಾವುದನ್ನೂ ಬಡಿಸಲಾರದ ನಾಲಿಗೆ ಅವನದು.

ಇವತ್ತು ಆ ನಾಲಿಗೆಯ ಮೇಲೆಯೇ ಜೇನುಪೆಟ್ಟಿಗೆಯ ಹಣೆಬರಹ ನಿಂತಿತ್ತು. ಅವನ ಮನೆಯಿದ್ದ ಕಟ್ಟಡದಲ್ಲಿ ಜೇನ್ನೊಣದಿಂದ ಕಚ್ಚಿಸಿಕೊಳ್ಳದವರು ಯಾರೂ ಉಳಿದಿರಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿಗಂತೂ ಮೂಗಿನ ತುದಿಗೇ ಕಚ್ಚಿ, ಅವರು ವಾರವಿಡೀ ಕರವಸ್ತ್ರ ಮುಚ್ಚಿಕೊಂಡೇ ಸಭೆ ನಡೆಸಿದ್ದರು. ಪೆಟ್ಟಿಗೆ ಎತ್ತಿಸಿಬಿಡಬೇಕೆಂದು ಎಲ್ಲರೂ ಒಂದಾದಾಗ ಬುರುಡೆಯಣ್ಣನ ಹೆಂಡತಿ ಮುಂದೆ ಬಂದು ರಾಜಿ ಮಾಡಿಸಿದ್ದಳು. ಮೊದಲ ಕೊಯ್ಲಿನ ಜೇನನ್ನು ಎಲ್ಲ ಮನೆಗೂ ಹಂಚಬೇಕು. ಹಂಚಿದರೆ ಪೆಟ್ಟಿಗೆ ಇರಬಹುದು, ಇಲ್ಲವಾದರೆ ಮರುದಿನವೇ ಹೋಗಬೇಕು. ಹಂಚುವ ದಿನ ಇವತ್ತು, ಸಂಜೆ ಅವರ ಮನೆಯಲ್ಲೇ. ಹೆಂಡತಿ ಗಂಡನಿಗೆ ಬೇರೆಯದೇ ಒಂದು ಷರತ್ತನ್ನೂ ಹಾಕಿದ್ದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅವನು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವನು. ಜೇನಿಗೆ ಅವನು ನಾಲಿಗೆ ತಾಗಿಸಿದ್ದು ಗೊತ್ತಾದರೆ ಪೆಟ್ಟಿಗೆಯನ್ನು ಅವಳೇ ಹೊರಗೆ ಹಾಕುತ್ತಾಳಂತೆ.

ಬುರುಡೆಯಣ್ಣನಿಗೆ ಆ ಪೆಟ್ಟಿಗೆಯೆಂದರೆ ಪ್ರಾಣ. ದಿನಾ ಬೆಳಗ್ಗೆ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ನೊಣಗಳ ಹೋಗಿಬರುವಿಕೆ ನೋಡುತ್ತಿದ್ದ. ಅವನು ಬಾಯಿ ಮುಚ್ಚಿ ಕೂರುತ್ತಿದ್ದುದು ಜಗತ್ತಿನಲ್ಲಿ ಅಲ್ಲೊಂದೇ ಕಡೆ.

ಹೆಂಡತಿ ಆಗಲೇ ಬೆಳಗಿನ ಪಾಳಿಗೆ ಹೋಗಿದ್ದಳು. ಫೋನ್ ಮಾಡಿದ.

"ಜೇನು ಕಳುವಾಗಿದೆ ಕಣೇ. ಪತಂಗ ಕುಡಿದುಬಿಟ್ಟಿದೆ. ಬೆನ್ನ ಮೇಲೆ ತಲೆಬುರುಡೆ ಇದೆ. ಇಲಿ ಥರ ಕೂಗುತ್ತೆ."

"ಡ್ಯೂಟಿಯಲ್ಲಿದ್ದೀನಿ ರೀ. ಬುರುಡೆ ಬಿಡಬೇಡಿ."

"ಬುರುಡೆ ಅಲ್ಲ ಕಣೇ. ಅಂದ್ರೆ, ಬುರುಡೇನೇ. ಬೆನ್ನ ಮೇಲೆ."

"ಎಷ್ಟು ತಿಂದ್ರಿ, ಅದು ಹೇಳಿ. ಸಂಜೆ ಬಂದು ನೋಡ್ಕೋತೀನಿ," ಎಂದು ಅವಳು ಫೋನ್ ಇಟ್ಟಳು.

ಎದುರು ಮನೆಯ ಟೈಲರಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ತನ್ನ ಬಾಲ್ಕನಿಯಿಂದ ಇದನ್ನೆಲ್ಲ ಕೇಳಿಸಿಕೊಂಡು, ತಲೆಬುರುಡೆಯ ಪತಂಗ ಎಲ್ಲಿ ಕೊಳ್ಳೋಕೆ ಸಿಗುತ್ತೆ, ನಮ್ಮನೆಯವರಿಗೂ ಒಂದು ಬೇಕಿತ್ತು ನೆಪ ಹೇಳೋಕೆ ಎಂದಳು. ಬುರುಡೆಯಣ್ಣ ಅವಳಿಗೆ ಜರಡಿ ಎತ್ತಿ ತೋರಿಸಿದ. ಅಷ್ಟು ದೂರದಿಂದ ಅವಳಿಗೂ ಅದು ಒಣಎಲೆಯಾಗಿಯೇ ಕಂಡಿತು.

ಆಗ ಹಿಂದಿನಿಂದ ಗಂಭೀರವಾದ ಕೆಮ್ಮು ಕೇಳಿಸಿತು. ಮಾವ.

ಹೆಂಡತಿಯ ಅಪ್ಪ ಕಣ್ಣಿನ ಚಿಕಿತ್ಸೆಗೆಂದು ಬಂದು ಅವರ ಮನೆಯಲ್ಲಿ ಉಳಿದುಕೊಂಡಿದ್ದರು. ನೆಟ್ಟಗೆ ನಿಂತ ಬೆನ್ನು, ಪೊದೆಮೀಸೆ, ಯೌವನದಿಂದಲೂ ಸಿಹಿ ಮುಟ್ಟದ ವ್ರತ. ಬಿಸಿನೀರಿನ ಫ್ಲಾಸ್ಕನ್ನು ಬಗಲಲ್ಲಿಟ್ಟುಕೊಂಡು, ಸಿಹಿ ಎಂದರೆ ನಿಧಾನವಾದ ವಿಷವೆಂದು ದಿನಕ್ಕೊಮ್ಮೆ ಭಾಷಣ ಮಾಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮಗಳಿಗೆ ಅವರ ಮಾತು ವೇದವಾಕ್ಯ. ಅಳಿಯನ ಮಾತುಗಳನ್ನು ಅವರು ಇಷ್ಟು ವರ್ಷ ಮೀಸೆಯೊಳಗೇ ನಕ್ಕು ತಳ್ಳಿಹಾಕಿದ್ದರು. ಬುರುಡೆಯಣ್ಣ ಅಳುಕುತ್ತಲೇ ಪತಂಗ ತೋರಿಸಿದ. ಅವರು ಪಾತ್ರೆ ನೋಡಿದರು, ಪತಂಗ ನೋಡಿದರು, ತಲೆಯಾಡಿಸಿದರು.

"ಇದೇ ಕುಡಿದಿರೋದು, ಅಳಿಯಂದಿರೇ. ಸಂಶಯವೇ ಬೇಡ. ಹೊಟ್ಟೆ ನೋಡಿ, ಹೆಂಗಿದೆ."

ಬುರುಡೆಯಣ್ಣನ ಕಣ್ಣಲ್ಲಿ ನೀರು ತುಂಬಿತು. ಮದುವೆಯಾದಾಗಿನಿಂದ ಮಾವ ಅವನ ಒಂದು ಮಾತನ್ನು ನಂಬಿದ್ದು ಇದೇ ಮೊದಲು. ಕಳ್ಳನನ್ನು ಸಂಜೆಯವರೆಗೂ ಭದ್ರವಾಗಿಡಿ, ಎಲ್ಲರೂ ನೋಡಲಿ ಎಂದು ಅವರು ಸಲಹೆಯನ್ನೂ ಕೊಟ್ಟರು. ಮನೆಯಲ್ಲಿ ಬಿಟ್ಟರೆ ಇರುವೆ ಮುತ್ತಬಹುದೆಂದು ಹೆದರಿ ಬುರುಡೆಯಣ್ಣ ತನ್ನ ಊಟದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಊಟದ ಬದಲು ಪತಂಗವನ್ನು ಅದರೊಳಗಿಟ್ಟುಕೊಂಡು ಕೆಲಸಕ್ಕೆ ಹೊರಟ.

ಅವನ ಅಂಗಡಿಯ ಒಳಭಾಗದಲ್ಲಿ ತೂಗುದೀಪಗಳ ಹಜಾರವಿತ್ತು. ದೀಪ ಚೆನ್ನಾಗಿ ಕಾಣಲೆಂದು ಹಗಲಲ್ಲೂ ಅಲ್ಲಿ ದಪ್ಪ ಪರದೆ ಎಳೆದು ಕತ್ತಲು ಮಾಡಿರುತ್ತಿದ್ದರು. ಗಿರಾಕಿ ಬೆರಳು ತೋರಿಸಿದ ದೀಪದ ಸ್ವಿಚ್ ಒತ್ತಿ, ಅದರ ಗುಣಗಾನ ಮಾಡುವುದು ಬುರುಡೆಯಣ್ಣನ ಕೆಲಸ. ಗುಣಗಾನದಲ್ಲಿ ಅವನನ್ನು ಮೀರಿಸುವವರಿರಲಿಲ್ಲವಾದ್ದರಿಂದ ಮಾಲೀಕರು ಅವನ ಉಳಿದ ಮಾತುಗಳನ್ನೆಲ್ಲ ಸಹಿಸಿಕೊಂಡಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಷಿಯರಮ್ಮ ಡಬ್ಬಿಯಲ್ಲಿ ಏನಿದೆಯೆಂದು ಕೇಳಿದಳು. ಅಲ್ಲಿಯವರೆಗೆ ಅವನು ಬಾಯಿ ಕಟ್ಟಿಕೊಂಡು ಕೂತದ್ದೇ ದೊಡ್ಡ ಸಾಹಸ. ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟ. ಅವಳು ತುತ್ತು ನುಂಗಿ, ಈ ಸಲದ್ದು ಕಾಗೆಯದಕ್ಕಿಂತ ಚೆನ್ನಾಗಿದೆ ಎಂದು ಮೆಚ್ಚಿಕೊಂಡಳು. ಬುರುಡೆಯಣ್ಣನ ಸ್ವಾಭಿಮಾನ ಕೆರಳಿತು. ಹಜಾರದ ಕತ್ತಲಲ್ಲಿ ಪತಂಗ ಮಂಕಾಗಿಯೇ ಇರುತ್ತದೆಂದು ಲೆಕ್ಕ ಹಾಕಿ, ಅವಳನ್ನು ಅಲ್ಲಿಗೆ ಕರೆದು ಮುಚ್ಚಳವನ್ನು ಒಂದೇ ಒಂದು ಬೆರಳಿನಷ್ಟು ಎತ್ತಿದ.

ಬೆಳಗ್ಗೆಯಿಂದ ಕಲ್ಲಿನಂತೆ ಕೂತಿದ್ದ ಪತಂಗ, ಕತ್ತಲು ಕಂಡದ್ದೇ ಸಂಜೆಯಾಯಿತೆಂದು ತಿಳಿಯಿತೋ ಏನೋ, ರೆಕ್ಕೆಗಳನ್ನು ಗಡಗಡ ನಡುಗಿಸಿತು. ನಡುಕ ಜೋರಾಯಿತು. ಸಣ್ಣ ಮೋಟಾರು ಶುರುವಾದಂಥ ಸದ್ದು. ಕ್ಯಾಷಿಯರಮ್ಮ ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಅದು ಮುಚ್ಚಳದ ಸಂದಿಯಿಂದ ಹೊರಗೆ ನುಗ್ಗಿತು.

ಸರಿಯಾಗಿ ಆಗಲೇ ಮಾಲೀಕರು ಹೊಸ ಮನೆ ಕಟ್ಟಿಸಿದ ದಂಪತಿಯನ್ನು ಹಜಾರಕ್ಕೆ ಕರೆತಂದು, ಅಂಗಡಿಯ ಅತಿ ದೊಡ್ಡ ತೂಗುದೀಪದ ಸ್ವಿಚ್ ಒತ್ತಿದರು. ಪತಂಗ ಅದನ್ನು ಸುತ್ತತೊಡಗಿತು. ಅದರ ನೆರಳು ಗೋಡೆಯ ಮೇಲೆ ಬಾಗಿಲಗಲ ಹರಡಿತು. ಆ ಹೆಂಗಸು ಬಾವಲಿ ಎಂದು ಕಿರುಚಿ ಮೇಜುದೀಪಗಳ ಹಿಂದೆ ಅಡಗಿದರು. ಗಂಡ ಅಲ್ಲೇ ನಿಂತಿದ್ದರು, ಪಾಪ, ಧೈರ್ಯಸ್ಥರು. ಅವರ ತಲೆಯಲ್ಲಿ ಒಂದು ಕೂದಲಿರಲಿಲ್ಲ. ತೂಗುದೀಪದ ಬೆಳಕೆಲ್ಲ ಆ ತಲೆಯ ಮೇಲೆ ಬಿದ್ದು ಹೊಳೆಯುತ್ತಿತ್ತು. ಪತಂಗಕ್ಕೆ ಅದೂ ಒಂದು ದೀಪವಾಗಿಯೇ ಕಂಡಿರಬೇಕು, ಇಳಿದು ಬಂದು ನಡುನೆತ್ತಿಯ ಮೇಲೆ ಕೂತಿತು. ಬುರುಡೆಯ ಮೇಲೊಂದು ಬುರುಡೆ.

"ಅಲ್ಲಾಡಬೇಡಿ ಸಾರ್," ಎಂದು ಬುರುಡೆಯಣ್ಣ ಗೋಗರೆದ. ಮಾಲೀಕರು ದೂಳು ಹೊಡೆಯುವ ಗರಿಯ ಕಟ್ಟನ್ನು ಎತ್ತಿಕೊಂಡು ಗಿರಾಕಿಯ ನೆತ್ತಿಗೆ ಗುರಿಯಿಟ್ಟರು. ಏಟು ನೆತ್ತಿಗೆ ಬಿತ್ತು, ಪತಂಗಕ್ಕೆ ಬೀಳಲಿಲ್ಲ. ಅದು ಮತ್ತೆ ಮೇಲೇರಿತು. ಅದರ ಜೀವಕ್ಕೆ ಏನಾದರೂ ಆದರೆ ಸಂಜೆ ತನ್ನ ಸಾಕ್ಷಿಯೇ ಹೋಯಿತೆಂದು ಬುರುಡೆಯಣ್ಣ ಏಣಿ ಹತ್ತಿದ. ಹೊಟ್ಟೆಗೆ ಬೆಳಗ್ಗೆಯಿಂದ ಏನೂ ಬಿದ್ದಿರಲಿಲ್ಲ. ಏಣಿಯ ತುದಿಯಲ್ಲಿ ಅಷ್ಟೂ ದೀಪಗಳು ಕಣ್ಣ ಮುಂದೆ ಗಿರ್ರನೆ ತಿರುಗಿದವು. ಅವನು ಬಿದ್ದದ್ದು ಗಿರಾಕಿಗಳಿಗೆಂದು ಇಟ್ಟಿದ್ದ ಸೋಫಾದ ಮೇಲಾದ್ದರಿಂದ ಎಲುಬು ಉಳಿಯಿತು.

ಕಣ್ಣು ಬಿಟ್ಟಾಗ ಕ್ಯಾಷಿಯರಮ್ಮ ಅವನ ಬಾಯಿಗೆ ಗ್ಲೂಕೋಸ್ ನೀರು ಹುಯ್ಯುತ್ತಿದ್ದಳು. ಅವನು ಬೇಡವೆನ್ನಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಗುಟುಕು ಒಳಗೆ ಹೋಯಿತು.

"ಯಾರೂ ಕದಲಬೇಡಿ. ದೀಪ ಎಲ್ಲ ಆರಿಸಿ," ಎಂದು ಅಷ್ಟರಲ್ಲಿ ಬಾಗಿಲ ಬಳಿಯಿಂದ ಒಂದು ದನಿ ಬಂತು.

ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಹೆಂಗಸು. ಕಾಲೇಜಿನಲ್ಲಿ ಕೀಟಗಳ ಬಗ್ಗೆ ಪಾಠ ಮಾಡುವವರು, ರಾತ್ರಿ ಹೊತ್ತು ಬಿಳಿ ಬಟ್ಟೆ ಕಟ್ಟಿ ಪತಂಗಗಳನ್ನು ಕರೆಯಲು ಪ್ರಖರವಾದ ದೀಪವೊಂದನ್ನು ಕೊಳ್ಳಲು ಬಂದವರು. ದೀಪ ಕೊಳ್ಳುವ ಮೊದಲೇ ಪತಂಗ ಸಿಕ್ಕಿತು. ದೀಪಗಳು ಆರಿದ ಮೇಲೆ ಅದು ಪರದೆಗೆ ಅಂಟಿ ಕೂತಾಗ ಮೇಡಂ ಎರಡೂ ಕೈಗಳನ್ನು ಬೊಗಸೆ ಮಾಡಿ ಮೃದುವಾಗಿ ಮುಚ್ಚಿದರು. ಬೊಗಸೆಯೊಳಗಿಂದ "ಕಿಚ್" ಎಂದು ಕೇಳಿಸಿತು. ಅವರ ಮುಖ ಅರಳಿದ್ದನ್ನು ನೋಡಿ ಬುರುಡೆಯಣ್ಣನಿಗೆ ತನ್ನ ಸುಸ್ತೆಲ್ಲ ಮರೆತುಹೋಯಿತು.

"ಇದನ್ನು ಎಲ್ಲಿ ಹಿಡಿದ್ರಿ? ಎಷ್ಟು ವರ್ಷದಿಂದ ಹುಡುಕ್ತಿದ್ದೆ ಗೊತ್ತಾ?"

"ನಮ್ಮನೆ ಜೇನು ಕುಡೀತಿತ್ತು ಮೇಡಂ. ಇದರ ಹೆಸರೇನು?"

"ಬುರುಡೆ ಪತಂಗ."

ಬುರುಡೆಯಣ್ಣನ ಮುಖ ಬಾಡಿತು. "ನೀವೂ ತಮಾಷೆ ಮಾಡ್ತೀರಾ ಮೇಡಂ?" ಎಂದ. ಆ ಹೆಸರೇ ಅದರದು, ತಲೆಬುರುಡೆ ಪತಂಗ ಎಂದು ಅವರು ಬಿಡಿಸಿ ಹೇಳಿದ ಮೇಲೆ ಅವನು ಸಮಾಧಾನಗೊಂಡು, ಸಂಜೆ ಒಂದು ಗಳಿಗೆ ಮನೆಗೆ ಬಂದು ನಾಲ್ಕು ಜನರೆದುರು ಇದೇ ಮಾತು ಹೇಳಬೇಕೆಂದು ಕೈಮುಗಿದು ಕೇಳಿಕೊಂಡ. ಜೇನುಪೆಟ್ಟಿಗೆ ಇರುವ ತಾರಸಿ ನೋಡಲು ಸಿಗುತ್ತದೆಂದರೆ ಮೇಡಂ ಆಗಲೇ ಹೊರಡಲು ತಯಾರು. ಮಾಲೀಕರು ಬೋಳುತಲೆಯ ಗಿರಾಕಿಗೆ ಕ್ಷಮೆ ಕೇಳಿ ಮುಗಿಸಿ, ಬುರುಡೆಯಣ್ಣನನ್ನು ನಾಳೆಯಿಂದ ಸ್ವಿಚ್ಚು ಪ್ಲಗ್ಗುಗಳ ಕೌಂಟರಿಗೆ ಹಾಕಿರುವುದಾಗಿ ತಿಳಿಸಿದರು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊರಡುವಾಗ ಕ್ಯಾಷಿಯರಮ್ಮ ದಾರಿಯಲ್ಲಿ ತಲೆ ತಿರುಗೀತೆಂದು ಮತ್ತೊಂದು ದೊಡ್ಡ ಲೋಟ ಗ್ಲೂಕೋಸನ್ನು ಬಲವಂತವಾಗಿ ಕುಡಿಸಿದಳು.

ಸಂಜೆ ಅವರಿಬ್ಬರೂ ಮನೆಗೆ ಬಂದಾಗ ನಡುಮನೆ ತುಂಬಿತ್ತು. ಎಲ್ಲರ ಕೈಯಲ್ಲೂ ತೊಳೆದು ಒಣಗಿಸಿದ ಖಾಲಿ ಬಾಟಲಿ. ಟೈಲರಮ್ಮನ ಕೈಯಲ್ಲಿ ಎರಡಿದ್ದವು. ಕಾರ್ಯದರ್ಶಿಗಳು ಮಧ್ಯದ ಕುರ್ಚಿಯಲ್ಲಿ ಮೂಗು ಸವರಿಕೊಳ್ಳುತ್ತ ಕೂತಿದ್ದರು. ಮಾವ ಕಿಟಕಿ ಪಕ್ಕ ನೆಟ್ಟಗೆ ಕೂತಿದ್ದರು, ಫ್ಲಾಸ್ಕು ತೊಡೆಯ ಮೇಲಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಖಾಲಿ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದರೆ ಸಾಕಿತ್ತು, ಬೇರೆ ಮಾತು ಬೇಕಿರಲಿಲ್ಲ.

ಬುರುಡೆಯಣ್ಣ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕಳ್ಳ ಸಿಕ್ಕಿದ್ದಾನೆ, ಜೊತೆಗೆ ಕಾಲೇಜಿನ ಮೇಡಂ ಸಾಕ್ಷಿಗೆ ಬಂದಿದ್ದಾರೆ ಎಂದು ಘೋಷಿಸಿದ. ಕಾರ್ಯದರ್ಶಿಗಳು ಮೇಡಂ ಕಡೆ ತಿರುಗಿ, ಇದೇನಿದು ಎಂದು ಮರ್ಯಾದೆಯಿಂದ ಕೇಳಿದರು.

"ಇದು ಬುರುಡೆ," ಎಂದು ಮೇಡಂ ಶುರುಮಾಡಿದರು.

ಅಷ್ಟೇ ಸಾಕಾಯಿತು. ನಡುಮನೆಯೆಲ್ಲ ಗೊಳ್ಳೆಂದಿತು. ಓದಿದವರೇ ಹೇಳಿದ ಮೇಲೆ ಇನ್ನೇನು ಎಂದು ಟೈಲರಮ್ಮ ಬಾಟಲಿ ತಟ್ಟಿ ನಕ್ಕಳು. ಮೇಡಮ್ಮಿಗೆ ನಗು ಯಾಕೆಂದು ತಿಳಿಯಲಿಲ್ಲ. ಅವರು ಮುಚ್ಚಳ ತೆಗೆದು ಪತಂಗವನ್ನು ಬೆರಳ ಮೇಲೆ ಹತ್ತಿಸಿಕೊಂಡು ಎಲ್ಲರೆದುರು ಹಿಡಿದರು. ಅದು ಬೆನ್ನ ಮೇಲಿನ ಬುರುಡೆ ತೋರಿಸಿ "ಕಿಚ್ ಕಿಚ್" ಎಂದಿತು. ನಗು ಅರ್ಧಕ್ಕೇ ನಿಂತಿತು.

ಮೇಡಂ ಹೇಳುತ್ತ ಹೋದರು, ಹೇಳುತ್ತ ಹೇಳುತ್ತ ಅವರೇ ಮಕ್ಕಳಂತೆ ಕುಣಿಯತೊಡಗಿದರು. ಸೊಂಡಿಲಿನಿಂದ ಗಾಳಿ ಊದಿ ಇದು ಹೀಗೆ ಕೂಗುತ್ತದಂತೆ. ಮರಿಹುಳುವಾಗಿದ್ದಾಗ ಬದನೆ, ಆಲೂಗಡ್ಡೆ ಗಿಡಗಳ ಎಲೆ ತಿಂದು ಹೆಬ್ಬೆರಳಿಗಿಂತ ದಪ್ಪ ಬೆಳೆಯುತ್ತದೆ, ಬಾಲದಲ್ಲಿ ಒಂದು ಕೊಂಬಿರುತ್ತದೆ, ಆಮೇಲೆ ಮಣ್ಣೊಳಗೆ ಹೋಗಿ ಮಲಗಿ ಪತಂಗವಾಗಿ ಏಳುತ್ತದೆ. ಬೇರೆ ಪತಂಗಗಳಂತೆ ಹೂವಿನ ಆಳಕ್ಕೆ ಇಳಿಯುವ ಉದ್ದ ಸೊಂಡಿಲು ಇದಕ್ಕಿಲ್ಲ. ಮೇಣ ಚುಚ್ಚಲು ತಕ್ಕ ಗಿಡ್ಡ, ಗಟ್ಟಿ ಸೊಂಡಿಲು. ಕತ್ತಲಾದ ಮೇಲೆ ಸೀದಾ ಜೇನುಗೂಡಿಗೇ ನುಗ್ಗುತ್ತದೆ.

"ಅಷ್ಟು ನೊಣ ಇರುತ್ತಲ್ಲ, ಕಚ್ಚಲ್ವಾ?" ಎಂದು ಕಾರ್ಯದರ್ಶಿಗಳು ಕೇಳಿದರು. ಮೂಗು ಕಚ್ಚಿಸಿಕೊಂಡವರ ಪ್ರಶ್ನೆ.

"ಅದೇ ಮಜಾ. ಇದರ ಮೈಯಿಂದ ಜೇನ್ನೊಣದ್ದೇ ವಾಸನೆ ಬರುತ್ತೆ. ಕಾವಲಿನ ನೊಣಗಳು ನಮ್ಮನೆಯವರೇ ಅಂದ್ಕೊಂಡು ಸುಮ್ಮನೆ ಬಿಟ್ಟುಬಿಡ್ತವೆ. ಮನೆಯವರ ಥರಾನೇ ಒಳಗೆ ಹೋಗಿ, ಕುಡಿದು, ಆರಾಮಾಗಿ ಆಚೆ ಬರುತ್ತೆ."

ಎಲ್ಲರೂ ಬಾಟಲಿ ಕೆಳಗಿಟ್ಟು ಮೇಜಿಗೆ ಮುತ್ತಿಕೊಂಡರು. ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು, ಇನ್ನೊಮ್ಮೆ ಕೂಗಿಸಿ ಎಂದು ಕೇಳಿದರು. ಹೆಂಡತಿ ಗಂಡನ ಬಳಿ ಬಂದು, ಬೆಳಗ್ಗೆ ತಾನು ಹಾಗೆ ಫೋನ್ ಇಡಬಾರದಿತ್ತು ಎಂದು ಪಿಸುಗುಟ್ಟಿದಳು. ಬುರುಡೆಯಣ್ಣನಿಗೆ ನೆಲ ಕಾಲಿಗೆ ತಾಗಲಿಲ್ಲ. ಇಷ್ಟು ವರ್ಷ ಉಪ್ಪುಖಾರ ಹಚ್ಚಿ ಹೇಳಿದ್ದಕ್ಕೆ ಸಿಗದ ಮರ್ಯಾದೆ, ಹಸಿಹಸಿಯಾಗಿ ಹೇಳಿದ ಒಂದು ನಿಜಕ್ಕೆ ಸಿಕ್ಕಿತ್ತು. ಇನ್ನು ಮುಂದೆ ನಿಜವನ್ನೇ ಹೇಳಬೇಕೆಂದು ಅವನು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದ. ಮಾವ ಕಿಟಕಿ ಪಕ್ಕದಿಂದಲೇ, ತಾನು ಬೆಳಗ್ಗೆಯೇ ಹೇಳಿದ್ದೆನಲ್ಲ ಎಂದು ಮೀಸೆ ತಿರುವಿದರು.

ಕಾರ್ಯದರ್ಶಿಗಳು ಮಾತ್ರ ಖಾಲಿ ಪಾತ್ರೆಯನ್ನೇ ನೋಡುತ್ತಿದ್ದರು. "ಅಲ್ಲ ಮೇಡಂ, ಈ ಪಾತ್ರೆ ತುಂಬಾ ಜೇನು ಇದು ಒಂದೇ ಕುಡಿಯುತ್ತಾ?"

ಮೇಡಂ ಪಾತ್ರೆ ನೋಡಿ ನಕ್ಕುಬಿಟ್ಟರು. ಅವರಿಗೆ ಲೋಕವ್ಯವಹಾರ ಗೊತ್ತಿರಲಿಲ್ಲ, ಪತಂಗದ ವಿಷಯ ಮಾತ್ರ ಗೊತ್ತಿತ್ತು. "ಇಷ್ಟಾ? ಒಂದು ಟೀ ಚಮಚ ಕುಡಿದ್ರೆ ಹೆಚ್ಚು. ಅದಕ್ಕೇ ಹಾರೋಕೆ ಕಷ್ಟ ಆಗುತ್ತೆ."

ಎಲ್ಲರ ಕಣ್ಣೂ ಪತಂಗದಿಂದ ಎದ್ದು ಬುರುಡೆಯಣ್ಣನ ಮೇಲೆ ಇಳಿದವು. ಹೆಂಡತಿ ಒಳಗೆ ಹೋಗಿ ಸಕ್ಕರೆ ನೋಡುವ ಪುಟ್ಟ ಯಂತ್ರ ತಂದಳು. ಅವನೂ ಧೈರ್ಯವಾಗಿ ಬೆರಳು ಚಾಚಿದ. ಬೆಳಗ್ಗೆಯಿಂದ ಉಪವಾಸವಿದ್ದವನಿಗೆ ಯಾವ ಭಯ? ಚುಚ್ಚಿದ ಮೇಲೆ ಗ್ಲೂಕೋಸಿನ ಲೋಟ ನೆನಪಾಯಿತು. ಯಂತ್ರ ತೋರಿಸಿದ ಅಂಕಿ ನೋಡಿ ಹೆಂಡತಿ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಅವನು ವಿವರಿಸಲು ಹೋದ. ಅಂಗಡಿಯಲ್ಲಿ ಪತಂಗ ಒಬ್ಬರ ಬೋಳುತಲೆಯ ಮೇಲೆ ಕೂತಿತು, ಮಾಲೀಕರು ಆ ತಲೆಗೆ ಹೊಡೆದರು, ತಾನು ಏಣಿಯಿಂದ ಬಿದ್ದೆ, ಬಾಯಿ ತೆರೆದಾಗಲೆಲ್ಲ ಗ್ಲೂಕೋಸ್ ಹುಯ್ದರು. ಒಂದೊಂದೂ ಅಕ್ಷರಶಃ ನಿಜ. ಹೇಳುತ್ತಿದ್ದಂತೆ ಅವನ ಕಿವಿಗೇ ಅದು ತನ್ನ ಎಂದಿನ ಸರಕಿನಂತೆ ಕೇಳಿಸಿತು. ನಾಳೆ ಬೆಳಗ್ಗೆ ಪೆಟ್ಟಿಗೆ ಇಳಿಸೋಕೆ ಆಳು ಕಳಿಸ್ತೀನಿ ಎಂದು ಕಾರ್ಯದರ್ಶಿಗಳು ಎದ್ದು ನಿಂತರು.

ಮಾವ ತಲೆನೋವೆಂದು ಎದ್ದು, ಫ್ಲಾಸ್ಕು ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು.

ಗಲಾಟೆಯ ನಡುವೆ ಮೇಡಂ ಸಂಕೋಚದಿಂದ, ಹೊತ್ತು ಮುಳುಗಿದೆ, ಪತಂಗವನ್ನಾದರೂ ಬಿಟ್ಟುಬಿಡೋಣ, ದೀಪ ಆರಿಸಿದರೆ ಕಿಟಕಿಯಿಂದ ಆಚೆ ಹೋಗುತ್ತದೆ ಎಂದರು. ಯಾರೋ ಸ್ವಿಚ್ ಒತ್ತಿದರು. ಕತ್ತಲಲ್ಲಿ ಮೋಟಾರಿನ ಸದ್ದು ಶುರುವಾಯಿತು, ಮೇಲೆದ್ದಿತು, ಕಿಟಕಿಯ ಕಡೆ ಹೋಗದೆ ಒಳಮನೆಯ ಕಡೆ ಸಾಗಿತು. ಬುರುಡೆಯಣ್ಣ ಮೊಬೈಲಿನ ಬೆಳಕು ಹಿಡಿದು ಹಿಂದೆಯೇ ಓಡಿದ. ಸದ್ದು ಮಾವನ ಕೋಣೆಗೆ ನುಗ್ಗಿ ಅಲ್ಲೇ ನಿಂತಿತು.

ಅವನು ಬಾಗಿಲು ತಳ್ಳಿ ಬೆಳಕು ಬಿಟ್ಟ. ಮಾವ ಮಂಚದ ಮೇಲೆ ಕೂತಿದ್ದರು. ಎದುರಿಗೆ ಮುಚ್ಚಳ ತೆಗೆದ ಫ್ಲಾಸ್ಕು. ಅದರ ಬಾಯಂಚಿನಲ್ಲಿ ಪತಂಗ ಕೂತು ಸೊಂಡಿಲು ಒಳಗೆ ಇಳಿಬಿಟ್ಟಿತ್ತು. ಮಾವನ ಬಾಯಲ್ಲಿ ಚಮಚವಿತ್ತು, ಮೀಸೆಯ ತುದಿಯಿಂದ ಜೇನು ದಾರದಂತೆ ಇಳಿಯುತ್ತಿತ್ತು.

ಬುರುಡೆಯಣ್ಣ ಬಾಗಿಲು ಮುಂದೆ ಮಾಡಿದ. ಮಾವ ಚಮಚ ತೆಗೆದರು.

"ಒಂದೇ ಚಮಚ ಅಂತ ಹೋದೆ, ಅಳಿಯಂದಿರೇ. ರುಚಿ ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ." ಅವರು ನಡುಮನೆಯ ಕಡೆ ನೋಡಿದರು. "ನನ್ನ ಮಗಳಿಗೆ ಗೊತ್ತಾದ್ರೆ ನಾನು ಮುಖ ಎತ್ತಿ ತಿರುಗೋ ಹಾಗಿಲ್ಲ."

ಬುರುಡೆಯಣ್ಣನಿಗೆ ಕೋಪ ಬಂತು, ನಗು ಬಂತು, ಕೊನೆಗೆ ಅಯ್ಯೋ ಪಾಪ ಎನ್ನಿಸಿತು. ಆ ನೆಟ್ಟಗಿನ ಬೆನ್ನು ಮೊದಲ ಸಲ ಬಾಗಿತ್ತು. ಹೆಂಡತಿ ತನ್ನ ಜೀವನದಲ್ಲಿ ಕಣ್ಣುಮುಚ್ಚಿ ನಂಬಿದ್ದು ಈ ಒಬ್ಬ ಮನುಷ್ಯನನ್ನು. ಅದನ್ನು ಕಿತ್ತುಕೊಂಡು ಅವಳಿಗೆ ಏನು ಕೊಡುವುದು? ಅಲ್ಲದೆ, ಜೇನು ಕುಡಿದದ್ದು ಮಾವನೆಂದು ಈಗ ಹೊರಗೆ ಹೋಗಿ ಹೇಳಿದರೆ ಅದು ಅವನ ಜೀವಮಾನದ ಅತಿ ದೊಡ್ಡ ಬುರುಡೆ ಎನ್ನಿಸಿಕೊಳ್ಳುತ್ತಿತ್ತು. ಪ್ರತಿಜ್ಞೆ ಮಾಡಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಅವನು ಮಾವನಿಗೆ ಮೀಸೆ ಒರೆಸಿಕೊಳ್ಳಲು ಟವೆಲ್ ಕೊಟ್ಟು, ಪತಂಗವನ್ನು ಮೆಲ್ಲಗೆ ಎತ್ತಿ ಕಿಟಕಿಯಿಂದ ಆಚೆ ಬಿಟ್ಟು, ಫ್ಲಾಸ್ಕನ್ನು ಕೈಗೆತ್ತಿಕೊಂಡ. ಇನ್ನೂ ಅರ್ಧ ತುಂಬಿತ್ತು.

ನಡುಮನೆಯ ದೀಪ ಹತ್ತಿತ್ತು. ಅವನು ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿದ.

"ನಾನೇ ಕಣೇ ತಿಂದಿದ್ದು. ಉಳಿದದ್ದನ್ನು ಇದರಲ್ಲಿ ಬಚ್ಚಿಟ್ಟಿದ್ದೆ."

ಒಬ್ಬರೂ ಎದುರು ಪ್ರಶ್ನೆ ಕೇಳಲಿಲ್ಲ. ಒಬ್ಬರಿಗೂ ಸಂಶಯ ಬರಲಿಲ್ಲ. ಇಡೀ ದಿನದಲ್ಲಿ ಅವನು ಆಡಿದ ಒಂದೇ ಒಂದು ಸುಳ್ಳನ್ನು ಇಡೀ ಕಟ್ಟಡ ಒಂದೇ ಏಟಿಗೆ ನಂಬಿತು. ಕಾರ್ಯದರ್ಶಿಗಳಂತೂ ಕರಗಿಹೋದರು. ಅವನ ಬೆನ್ನು ತಟ್ಟಿ, ಕೊನೆಗೂ ಬಾಯಿಂದ ಒಂದು ನಿಜ ಬಂತಲ್ಲ, ಅದೇ ದೊಡ್ಡದು ಎಂದರು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಂಡತಿಯ ಕಣ್ಣು ಮಾತ್ರ ಫ್ಲಾಸ್ಕಿನ ಮೇಲೆ ನೆಟ್ಟಿತ್ತು.

"ಅಪ್ಪನ ಫ್ಲಾಸ್ಕಲ್ಲಿ ಬಚ್ಚಿಟ್ರಾ? ಸಿಕ್ಕಿಬಿದ್ರೆ ಅವರ ತಲೆ ಮೇಲೆ ಗೂಬೆ ಕೂರಿಸೋಣ ಅಂತಾನಾ? ಬೆಳಗ್ಗೆಯಿಂದ ನಿಮ್ಮ ಪರ ನಿಂತವರು ಅವರೊಬ್ಬರೇ ಅಲ್ವೇನ್ರೀ?"

ಬುರುಡೆಯಣ್ಣ ಹತ್ತಿರವಿದ್ದ ಬಾಟಲಿಯೊಂದನ್ನು ಎಳೆದುಕೊಂಡು ಅದಕ್ಕೆ ಫ್ಲಾಸ್ಕು ಬಗ್ಗಿಸಿದ. ಫ್ಲಾಸ್ಕಿನ ಜೇನನ್ನು ಎಲ್ಲ ಬಾಟಲಿಗಳಿಗೂ ಸ್ವಲ್ಪಸ್ವಲ್ಪ ಹಂಚಿದ್ದಾಯಿತು. ಮೇಡಂ ಪತಂಗ ಹಾರಿಹೋದ ದಿಕ್ಕು ಹುಡುಕಿಕೊಂಡು ತಾರಸಿಗೆ ಹೋದರು. ನಿಜ ಒಪ್ಪಿಕೊಂಡವನಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಕಾರ್ಯದರ್ಶಿಗಳು ತೀರ್ಪು ಕೊಟ್ಟರು. ಪೆಟ್ಟಿಗೆ ತಾರಸಿಯಲ್ಲೇ ಇರಲಿ. ಜೇನು ಗಂಡನ ಕೈಗೆ ಸಿಗದಿದ್ದರೆ ಸಾಕೆಂದು ಹೆಂಡತಿಯೂ ತನ್ನ ಷರತ್ತು ಸಡಿಲಿಸಿದಳು. ನೊಣ ನೋಡಿಕೊಳ್ಳುವುದು, ಕಚ್ಚಿಸಿಕೊಳ್ಳುವುದು, ಎರಿ ಕೊಯ್ಯುವುದು ಬುರುಡೆಯಣ್ಣನ ಕೆಲಸ. ಕೊಯ್ದ ಜೇನು ಮಾತ್ರ ನಂಬಿಕಸ್ಥರ ವಶದಲ್ಲಿರಬೇಕು. ಅಂಥವರು ಈ ಮನೆಯಲ್ಲಿ ಯಾರಿದ್ದಾರೆ?

ಯಾರೂ ಯೋಚಿಸಬೇಕಾಗಲಿಲ್ಲ. ಮುಖ ತೊಳೆದು, ಮೀಸೆ ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಮಾವ ಆಗಷ್ಟೇ ಕೋಣೆಯಿಂದ ಹೊರಬಂದಿದ್ದರು. ಕಣ್ಣಿನ ಚಿಕಿತ್ಸೆ ಮುಗಿದರೂ ಇಲ್ಲೇ ಇದ್ದುಬಿಡಪ್ಪಾ ಎನ್ನುತ್ತ ಮಗಳು ಬಾಲ್ಕನಿಯ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟಳು. ಸಿಹಿಯ ಸಹವಾಸ ತನಗೆ ಹಿಡಿಸದು, ಆದರೂ ಎಲ್ಲರೂ ಇಷ್ಟು ಹೇಳಿದ ಮೇಲೆ ಇಲ್ಲವೆನ್ನಲಾರೆ ಎಂದು ಅವರು ನಿಟ್ಟುಸಿರಿನೊಂದಿಗೆ ಬೀಗದ ಕೈಯನ್ನು ಜೇಬಿಗಿಳಿಸಿದರು. ಎಲ್ಲರೂ ಬಾಟಲಿಗಳನ್ನು ಎತ್ತಿಕೊಂಡು ಹೊರಟ ಮೇಲೆ ಅವರು ಬುರುಡೆಯಣ್ಣನ ಪಕ್ಕ ಬಂದು ನಿಂತು, ಮಗಳು ಅಡುಗೆಮನೆಗೆ ಹೋದಳೋ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು.

"ಮುಂದಿನ ಕೊಯ್ಲು ಯಾವಾಗ, ಅಳಿಯಂದಿರೇ?"